ಥೈರಾಯ್ಡ್ ಕ್ಯಾನ್ಸರಿನಲ್ಲಿ ಡಿಎನ್‌ಎ ಹಾನಿಯನ್ನೂ ಹಾರ್ಮೋನನ್ನೂ ಒಟ್ಟಿಗೆ ಅಳೆಯುವುದು ಹೇಗೆ

ಎರಡೂ ಮಾದರಿಗಳನ್ನು ಒಂದೇ ಸಲ ತೆಗೆಯಿರಿ. ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) ಹೋದ ತಿಂಗಳದ್ದು, ಡಿಎನ್‌ಎ ಹಾನಿ ಇವತ್ತಿನದು ಎಂದಾದರೆ ಆ ಹೋಲಿಕೆಯಲ್ಲಿ ಹುರುಳಿಲ್ಲ. ಅಯೋಡಿನ್-131 (ವಿಕಿರಣ ಸೂಸುವ ಅಯೋಡಿನ್) ಚಿಕಿತ್ಸೆಗಾಗಿ ಹಾರ್ಮೋನ್ ಮಾತ್ರೆ ನಿಲ್ಲಿಸಿದವರ ಟಿಎಸ್‌ಎಚ್ ಸಾಮಾನ್ಯವಾಗಿ ಲೀಟರಿಗೆ 30 ಮಿಲಿಯೂನಿಟ್ ದಾಟಿರುತ್ತದೆ. ಮಾತ್ರೆ ನುಂಗುತ್ತಿರುವವರಲ್ಲಿ 0.1ಕ್ಕಿಂತ ಕೆಳಗೂ ಇರಬಹುದು. ಈ ಎರಡು ಗುಂಪುಗಳನ್ನು ಬೆರೆಸಬೇಡಿ. ಅಯೋಡಿನ್ ಕೊಟ್ಟ ಮೇಲಿನ ರಕ್ತದಲ್ಲಿ ವಿಕಿರಣದ ಪೆಟ್ಟೂ ಸೇರಿಕೊಳ್ಳುವುದರಿಂದ ಮೊದಲ ಮಾದರಿ ಡೋಸಿಗೆ ಮುಂಚೆಯೇ ಆಗಲಿ.

ಸೀರಮ್ ನಳಿಕೆಯ ರಕ್ತದಲ್ಲಿ ಟಿಎಸ್‌ಎಚ್, ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್), ಥೈರೊಗ್ಲಾಬ್ಯುಲಿನ್ (ಥೈರಾಯ್ಡ್ ಕಣಗಳಷ್ಟೇ ತಯಾರಿಸುವ ಪ್ರೋಟೀನ್), ಜೊತೆಗೆ ಅದರ ವಿರುದ್ಧದ ಪ್ರತಿಕಾಯ ಅಳೆಯಿರಿ. ಪ್ರತಿಕಾಯ ಬಿಟ್ಟರೆ ಥೈರೊಗ್ಲಾಬ್ಯುಲಿನ್ ಸುಳ್ಳಾಗಿ ಕಡಿಮೆ ಬಂದದ್ದು ಗೊತ್ತೇ ಆಗುವುದಿಲ್ಲ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದಾರೆಯೇ ಎಂದು ಕೇಳಿ. ಕನಿಷ್ಠ 2 ದಿನ ನಿಲ್ಲಿಸಿರಬೇಕು. ಇಲ್ಲವಾದರೆ ಹಲವು ಯಂತ್ರಗಳಲ್ಲಿ ಟಿಎಸ್‌ಎಚ್ ಇಳಿದೂ ಟಿ4 ಏರಿದೂ ಕಾಣುತ್ತದೆ.

ಹೆಪಾರಿನ್ ನಳಿಕೆಯ ರಕ್ತ ಕಾಮೆಟ್ ಪರೀಕ್ಷೆಗೆ: ಇದರಲ್ಲಿ ಮುರಿದ ಡಿಎನ್‌ಎ ವಿದ್ಯುತ್ ಹರಿಸಿದಾಗ ಕಣದಿಂದ ಹೊರಸರಿದು ಧೂಮಕೇತುವಿನ ಬಾಲದಂತೆ ಕಾಣುತ್ತದೆ. ಬೆಳಕು ತಾಗದಂತೆ ಸುತ್ತಿ ತಣ್ಣಗಿಡಿ. ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, 37 ಡಿಗ್ರಿಯ ಕಡಿಮೆ ಕರಗುಬಿಂದುವಿನ ಅಗರೋಸಿನಲ್ಲಿ (ತಣಿದರೆ ಜೆಲ್ ಆಗುವ ವಸ್ತು) ಬೆರೆಸಿ, 1% ಅಗರೋಸ್ ಬಳಿದು ಚೆನ್ನಾಗಿ ಒಣಗಿಸಿದ ಸ್ಲೈಡಿನ ಮೇಲೆ ಹರಡಿ. ಆ ತಳ ಹಸಿಯಿದ್ದರೆ ಮುಂದೆ ಜೆಲ್ ಜಾರುತ್ತದೆ. ಲೈಸಿಸ್ (ಕಣ ಒಡೆಯುವ) ದ್ರಾವಣ: 2.5 ಮೋಲಾರ್ ಉಪ್ಪು, 100 ಮಿಲಿಮೋಲಾರ್ ಇಡಿಟಿಎ, 10 ಮಿಲಿಮೋಲಾರ್ ಟ್ರಿಸ್, ಪಿಎಚ್ 10, ಬಳಸುವಾಗ 1% ಟ್ರೈಟಾನ್. ಕೆಂಪುಕಣ ಉಳಿದಿದ್ದರೆ 10% ಡಿಎಂಎಸ್‌ಒ ಸೇರಿಸಿ. ಹಿಮೋಗ್ಲೋಬಿನ್ನಿನ ಕಬ್ಬಿಣ ತಾನೇ ಡಿಎನ್‌ಎ ಕಡಿಯಬಲ್ಲದು. ಸ್ಲೈಡು ಈ ದ್ರಾವಣದಲ್ಲಿ 4 ಡಿಗ್ರಿಯಲ್ಲಿ ಒಂದು ಗಂಟೆಯಾದರೂ ಇರಲಿ.

ಬಳಿಕ ಪಿಎಚ್ 13 ಮೀರಿದ ಕ್ಷಾರದಲ್ಲಿ (300 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, 1 ಮಿಲಿಮೋಲಾರ್ ಇಡಿಟಿಎ) 20 ನಿಮಿಷ ನೆನೆಸಿ, ಅದರಲ್ಲೇ ಸೆಂಟಿಮೀಟರಿಗೆ 0.7ರಿಂದ 1 ವೋಲ್ಟಿನಂತೆ 20 ನಿಮಿಷ ವಿದ್ಯುತ್ ಹರಿಸಿ. ಈ ಹಂತದಲ್ಲೇ ಹೆಚ್ಚಿನ ಎಡವಟ್ಟು: ದ್ರಾವಣದ ಮಟ್ಟ ಅಥವಾ ತಾಪ ಬದಲಾದರೆ ಬಾಲದ ಉದ್ದವೂ ಬದಲಾಗುತ್ತದೆ. ಪ್ರತಿ ಸುತ್ತಿನಲ್ಲೂ ಹೈಡ್ರೊಜನ್ ಪೆರಾಕ್ಸೈಡ್ ತಾಗಿಸಿದ ಕಣಗಳ ಒಂದು ಸ್ಲೈಡ್ ಇಡಿ. ಅದರಲ್ಲೇ ಬಾಲ ಮೂಡದಿದ್ದರೆ ಆ ಸುತ್ತನ್ನೇ ಕೈಬಿಡಿ. ಆರೋಗ್ಯವಂತರ ಸ್ಲೈಡಿನಲ್ಲೂ ಎಲ್ಲ ಕಣಗಳಿಗೆ ಬಾಲ ಬಂದರೆ ತಪ್ಪು ಬೆಳಕಿನದೋ ಸತ್ತ ಕಣಗಳದೋ ಆಗಿರುತ್ತದೆ.

ಪಿಎಚ್ 7.5ರ ಟ್ರಿಸ್‌ನಲ್ಲಿ ತೊಳೆದು ಬಣ್ಣ ಹಾಕಿ, ಒಬ್ಬೊಬ್ಬರದು ಕನಿಷ್ಠ 100 ಕಣ ಎಣಿಸಿ. ಉದ್ದಕ್ಕಿಂತ ಬಾಲದಲ್ಲಿರುವ ಡಿಎನ್‌ಎಯ ಶೇಕಡಾವಾರು ನಂಬಿಕಸ್ಥ ಅಳತೆ. ಇದು ರಕ್ತಕಣದ ಹಾನಿಯೇ ಹೊರತು ಗಡ್ಡೆಯದಲ್ಲ, ವರದಿಯಲ್ಲಿ ಹಾಗೇ ಬರೆಯಿರಿ. ಎಣಿಸುವವರಿಗೆ ಟಿಎಸ್‌ಎಚ್ ಮೌಲ್ಯ ತಿಳಿಯದಂತೆ ಸ್ಲೈಡುಗಳಿಗೆ ಬರೀ ಸಂಕೇತ ಸಂಖ್ಯೆ ಕೊಡಿ.