ಉಂಗುರಕ್ಕೆ ಹೊಂಬಣ್ಣದ ಛಾಯೆಯ ವಜ್ರ: ಆರಿಸುವ ಬಗೆ

ಬೆಳಗಾವಿಯ ಖಡೇಬಜಾರಿನಲ್ಲಾಗಲಿ ಶಹಾಪುರದ ಸರಾಫ ಅಂಗಡಿಗಳಲ್ಲಾಗಲಿ ನಿಶ್ಚಿತಾರ್ಥದ ಉಂಗುರ ಕೊಳ್ಳಲು ಬರುವವರನ್ನು ಸ್ವಲ್ಪ ಹೊತ್ತು ಗಮನಿಸಿದರೆ, ವಜ್ರದ ಬಣ್ಣವನ್ನು ನೋಡುವುದು ಹೇಗೆಂದು ಹೆಚ್ಚಿನವರಿಗೆ ಯಾರೂ ಹೇಳಿಕೊಟ್ಟಿಲ್ಲ ಎಂಬುದು ತಿಳಿಯುತ್ತದೆ. ತಲೆಯ ಮೇಲೆ ಉರಿಯುವ ಪ್ರಖರ ದೀಪದ ಕೆಳಗೆ, ವ್ಯಾಪಾರಿ ಬಿಚ್ಚಿದ ಕಾಗದದ ಪೊಟ್ಟಣದ ಮೇಲೆಯೇ ಹರಳನ್ನು ನೋಡಿ ‘ಬೆಳ್ಳಗಿದೆ’ ಎಂದು ಒಪ್ಪುತ್ತಾರೆ. ಮನೆಗೆ ಬಂದು ಕಿಟಕಿಯ ಬಳಿ ಕೈ ಚಾಚಿದಾಗ ಹಳದಿ ಕಂಡು ಮೋಸಹೋದೆವೆಂದು ಕೊರಗುತ್ತಾರೆ. ಅದೇ ಹಳದಿಯನ್ನು ತಿಳಿದು, ಬೇಕೆಂದೇ ಆರಿಸಿದ್ದರೆ ಕಡಿಮೆ ಹಣಕ್ಕೆ ದೊಡ್ಡದಾದ, ಚಿನ್ನಕ್ಕೆ ಚೆನ್ನಾಗಿ ಹೊಂದುವ ಹರಳು ಅವರದಾಗುತ್ತಿತ್ತು.

ಮೊದಲು ಅಕ್ಷರಗಳ ಲೆಕ್ಕವನ್ನು ತಿಳಿದುಕೊಳ್ಳಬೇಕು. ಅಮೆರಿಕದ ರತ್ನಶಾಸ್ತ್ರ ಸಂಸ್ಥೆಯಾದ ಜಿಐಎ 1950ರ ದಶಕದಲ್ಲಿ ಜಾರಿಗೆ ತಂದ ಅಳತೆಯಲ್ಲಿ ವಜ್ರದ ಬಣ್ಣ ‘ಡಿ’ಯಿಂದ ‘ಝಡ್’ವರೆಗೆ ಹೋಗುತ್ತದೆ. ಡಿ, ಇ, ಎಫ್ ಬಣ್ಣವಿಲ್ಲದವು. ಜಿಯಿಂದ ಜೆವರೆಗಿನವು ಬಹುಮಟ್ಟಿಗೆ ಬಣ್ಣವಿಲ್ಲದವು. ಕೆ, ಎಲ್, ಎಮ್‌ಗಳಲ್ಲಿ ತೆಳುವಾದ ಛಾಯೆ ಇರುತ್ತದೆ. ಎನ್‌ನಿಂದ ಮುಂದೆ ಅದು ಯಾರ ಕಣ್ಣಿಗಾದರೂ ಬೀಳುತ್ತದೆ. ಝಡ್ ಅನ್ನು ದಾಟಿದ ಹಳದಿ ‘ಫ್ಯಾನ್ಸಿ’ ಎನಿಸಿಕೊಳ್ಳುತ್ತದೆ, ಮತ್ತು ಅಲ್ಲಿ ಬಣ್ಣ ಗಾಢವಾದಷ್ಟೂ ಬೆಲೆ ಏರುತ್ತದೆ. ಆ ವ್ಯಾಪಾರವೇ ಬೇರೆ. ಹಳದಿಗೆ ಕಾರಣ ವಜ್ರದ ಇಂಗಾಲದ ನಡುವೆ ಸೇರಿಕೊಂಡ ಸಾರಜನಕ. ಅದು ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ, ವರ್ಷ ಕಳೆದಂತೆ ಹೆಚ್ಚುವುದೂ ಇಲ್ಲ.

ಎರಡನೆಯದಾಗಿ, ಛಾಯೆ ಕಾಣಬೇಕೋ ಕಾಣಬಾರದೋ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೊರಡಬೇಕು. ಬಿಳಿಯಾಗಿಯೇ ಕಾಣಲಿ, ಬೆಲೆ ಮಾತ್ರ ಇಳಿಯಲಿ ಎನ್ನುವವರು ಕೆ ಬಣ್ಣದಲ್ಲಿ ನಿಲ್ಲುವುದು ಒಳಿತು. ತುಪ್ಪದಂಥ ಹೊಂಬಣ್ಣವೇ ಬೇಕೆನ್ನುವವರು ಎಲ್, ಎಮ್‌ಗಳನ್ನು ಕೇಳಬೇಕು. ಅರ್ಧ ಕ್ಯಾರೆಟ್, ಅಂದರೆ 50 ಸೆಂಟಿಗಿಂತ ಚಿಕ್ಕ ಹರಳಿನಲ್ಲಿ ಕೆ ಬಣ್ಣದ ಛಾಯೆ ಮೇಲಿನಿಂದ ನೋಡಿದರೆ ಕಾಣುವುದೇ ಕಷ್ಟ. ಗಾತ್ರ ಹೆಚ್ಚಿದಂತೆ ಅದೇ ಅಕ್ಷರ ಹೆಚ್ಚು ಹಳದಿಯಾಗಿ ತೋರುತ್ತದೆ.

ಮೂರನೆಯ ಹಂತ ಹರಳನ್ನು ನೋಡುವುದು. ಕೆಡುವುದೆಲ್ಲ ಕೆಡುವುದು ಇಲ್ಲಿಯೇ ಆದ್ದರಿಂದ ಇದನ್ನು ವಿವರವಾಗಿ ಹೇಳುತ್ತೇನೆ. ಸಿದ್ಧ ಉಂಗುರದಲ್ಲಿ ಕೂಡಿಸಿದ ವಜ್ರದ ಬಣ್ಣವನ್ನು ಅಳೆಯಲು ಹೋಗಲೇಬಾರದು, ಏಕೆಂದರೆ ಸುತ್ತಲಿನ ಚಿನ್ನ ತನ್ನ ಬಣ್ಣವನ್ನು ಅದಕ್ಕೆ ಕೊಟ್ಟಿರುತ್ತದೆ. ಬಿಡಿ ಹರಳನ್ನೇ ಕೇಳಿ. ಅದು ಬರುವ ಪೊಟ್ಟಣದ ಒಳಪದರ ಸಾಮಾನ್ಯವಾಗಿ ತಿಳಿ ನೀಲಿ ಬಣ್ಣದ್ದಾಗಿರುತ್ತದೆ. ನೀಲಿಯ ಮೇಲೆ ಹಳದಿ ಅಡಗಿಕೊಳ್ಳುತ್ತದೆ, ಬಿಳಿ ಬಟ್ಟೆಗೆ ನೀಲಿ ಹಾಕಿ ಹಿಂಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಹರಳನ್ನು ಚಿಮಟದಲ್ಲಿ ಹಿಡಿದು, ಹೊಳಪಿಲ್ಲದ ಬಿಳಿ ಕಾರ್ಡೊಂದನ್ನು ಮಡಚಿ, ಆ ಮಡಿಕೆಯಲ್ಲಿ ಚಪ್ಪಟೆ ಮುಖ ಕೆಳಗಾಗಿ ಇಡಬೇಕು. ಜೆರಾಕ್ಸ್ ಕಾಗದ ಬೇಡ. ಅದು ಬೆಳ್ಳಗೆ ತೋರಲೆಂದು ಬೆರೆಸಿದ ರಾಸಾಯನಿಕಗಳು ಹಗಲು ಬೆಳಕಿನಲ್ಲಿ ನೀಲಿಯಾಗಿ ಹೊಳೆದು, ಪಕ್ಕದ ಹರಳು ಇರುವುದಕ್ಕಿಂತ ಹೆಚ್ಚು ಹಳದಿಯಾಗಿ ಕಾಣುವಂತೆ ಮಾಡುತ್ತವೆ.

ಒಂದೇ ಹರಳನ್ನು ನೋಡಿ ಬಣ್ಣ ಹೇಳಲು ಪಳಗಿದವರಿಗೂ ಆಗುವುದಿಲ್ಲ. ಪ್ರಯೋಗಾಲಯದವರು ಕೂಡ ಬಣ್ಣ ಗೊತ್ತಿರುವ ಮಾದರಿ ಹರಳುಗಳ ಪಕ್ಕದಲ್ಲಿಟ್ಟೇ ದರ್ಜೆ ಕೊಡುತ್ತಾರೆ. ಹೀಗಾಗಿ ಹೆಚ್ಚುಕಡಿಮೆ ಒಂದೇ ಗಾತ್ರದ, ಒಂದೇ ಆಕಾರದ ಜಿ, ಕೆ, ಎಮ್ ಬಣ್ಣದ ಮೂರು ಹರಳುಗಳನ್ನು ಒಟ್ಟಿಗೆ ತರಿಸಬೇಕು. ಅಂಗಡಿಯಲ್ಲಿ ಇಲ್ಲದಿದ್ದರೆ ಮುಂಬೈಯಿಂದಲೋ ಸೂರತ್‌ನಿಂದಲೋ ತರಿಸಿಕೊಡುವಂತೆ ಹೇಳಿ ಕಾಯಬೇಕು. ಮೂರನ್ನೂ ಒರೆಸಿ ಸಾಲಾಗಿಟ್ಟು, ಪಕ್ಕದಿಂದ, ಹರಳಿನ ಹೊಟ್ಟೆಯ ಭಾಗವನ್ನು ನೋಡಬೇಕು. ಮಿನುಗು ಕಣ್ಣು ಕುಕ್ಕಿದರೆ ಮೆಲ್ಲಗೆ ಒಮ್ಮೆ ಉಸಿರೂದಿದರಾಯಿತು, ಒಂದು ಕ್ಷಣ ಹೊಳಪು ಮಂಕಾಗಿ ಒಳಗಿನ ಬಣ್ಣ ತೋರುತ್ತದೆ. (ಉಸಿರಿನ ಮಂಜು ಬೇಗ ಆರಿದರೆ ಅಸಲಿ ವಜ್ರ ಎಂಬ ಮಾತನ್ನು ಮಾತ್ರ ನಂಬಬಾರದು, ವಜ್ರದಂತೆಯೇ ಕಾಣುವ ಮಾಯ್ಸನೈಟ್ ಎಂಬ ಬೇರೆ ಹರಳು ಕೂಡ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಶಾಖವನ್ನಷ್ಟೇ ಅಳೆಯುವ ಪೆನ್ನಿನಂಥ ಯಂತ್ರವೂ ಅದನ್ನು ವಜ್ರವೆಂದೇ ತೋರಿಸುತ್ತದೆ.) ಬಳಿಕ ಸ್ಥಾನ ಬದಲಿಸಿ ಮತ್ತೊಮ್ಮೆ ನೋಡಬೇಕು. ಕೊನೆಗೆ ಮೂರನ್ನೂ ಮೇಲ್ಮುಖವಾಗಿ ತಿರುಗಿಸಿ, ಒಂದು ಕೈಯಳತೆ ದೂರದಿಂದ ನೋಡಬೇಕು. ಪ್ರಯೋಗಾಲಯ ಅಕ್ಷರ ಕೊಡುವುದು ಹರಳನ್ನು ಬೋರಲಾಗಿಟ್ಟು, ಬೆರಳಿನ ಮೇಲೆ ಅದು ಕಾಣುವುದು ಮೇಲ್ಮುಖವಾಗಿ. ಈ ಎರಡು ನೋಟಗಳ ಅಂತರದಲ್ಲಿಯೇ ನಿಮ್ಮ ಹಣ ಉಳಿಯುತ್ತದೆ. ಮೇಲಿನಿಂದ ಜಿಗೂ ಕೆಗೂ ವ್ಯತ್ಯಾಸ ಕಾಣದಿದ್ದರೆ ಜಿಗೆ ಹೆಚ್ಚು ಹಣ ಕೊಡಲು ಕಾರಣವೇ ಇಲ್ಲ.

ಬೆಳಕಿನ ವಿಷಯದಲ್ಲಿ ಹಟ ಹಿಡಿಯಬೇಕು. ಅಂಗಡಿಯ ಬಿಳಿ ಎಲ್‌ಇಡಿ ದೀಪಗಳು ಇರುವುದು ಮಿಂಚು ತೋರಿಸಲು, ಬಣ್ಣ ತೋರಿಸಲು ಅಲ್ಲ. ಹರಳನ್ನು ಬಾಗಿಲ ಬಳಿಗೆ ತರುವಂತೆ ಕೇಳಿಕೊಳ್ಳಿ; ಮರ್ಯಾದಸ್ಥ ಸರಾಫರು ಜೊತೆಗೆ ನಿಂತು ತೋರಿಸುತ್ತಾರೆ. ನೇರ ಬಿಸಿಲು ಬೇಡ, ನೆರಳಿನ ಹಗಲು ಬೆಳಕು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿರುವ ಬೆಳಗಾವಿಯ ಹಗಲು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಆದರೆ ಮಳೆಗೆಂದು ಅಂಗಡಿಯ ಮುಂದೆ ಕಟ್ಟಿದ ನೀಲಿ ತಾಡಪತ್ರಿಯ ಕೆಳಗೆ ನಿಂತು ನೋಡಿದರೆ ಮತ್ತೆ ಪೊಟ್ಟಣದ ಕಥೆಯೇ ಆಗುತ್ತದೆ. ಉಟ್ಟ ಬಟ್ಟೆಯೂ ಲೆಕ್ಕಕ್ಕೆ ಬರುತ್ತದೆ: ಗಾಢ ಬಣ್ಣದ ಇಳಕಲ್ ಸೀರೆಯುಟ್ಟು ಹರಳಿನ ಮೇಲೆ ಬಾಗಿದರೆ ಅದರಲ್ಲಿ ಕಾಣುವುದು ಸೀರೆಯ ಬಣ್ಣ. ಅಂದು ಬಿಳಿ ಅಥವಾ ಬೂದು ಬಣ್ಣದ ಬಟ್ಟೆ ಧರಿಸಿ ಹೋಗುವುದು ವಾಸಿ.

ಇದರ ಜೊತೆಗೆ ಪ್ರತಿದೀಪ್ತಿಯನ್ನೂ ನೋಡಬೇಕು. ವಜ್ರಗಳಲ್ಲಿ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಹರಳುಗಳು ನೇರಳಾತೀತ ಕಿರಣಗಳಲ್ಲಿ ಹೊಳೆಯುತ್ತವೆ, ಹೆಚ್ಚಾಗಿ ನೀಲಿಯಾಗಿ. ಬಿಸಿಲಿನಲ್ಲಿ ಆ ಕಿರಣಗಳಿರುವುದರಿಂದ, ನೀಲಿ ಹೊಳಪು ಹಳದಿಯನ್ನು ತಗ್ಗಿಸಿ ಹರಳು ಒಂದಷ್ಟು ಬೆಳ್ಳಗೆ ಕಾಣುತ್ತದೆ. ರಾತ್ರಿ ಮನೆಯ ದೀಪದಲ್ಲಿ ಆ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಅದರ ನಿಜವಾದ ಛಾಯೆ ಮರಳುತ್ತದೆ. ಖೋಟಾ ನೋಟು ನೋಡಲು ಇಟ್ಟಿರುವ ನೇರಳೆ ದೀಪದ ಕೆಳಗೆ ಹರಳನ್ನಿಟ್ಟರೆ ಇದರ ಅಂದಾಜು ಸಿಗುತ್ತದೆ. ಕೆ, ಎಲ್ ಬಣ್ಣಗಳಿಗೆ ಮಧ್ಯಮ ನೀಲಿ ಹೊಳಪು ಲಾಭವೇ ಎಂಬುದು ನನ್ನ ಅಭಿಪ್ರಾಯ. ಬಹಳ ಪ್ರಬಲವಾದ ಹೊಳಪಿದ್ದರೆ ಬಿಸಿಲಿಗೆ ಹಿಡಿದು, ಮಜ್ಜಿಗೆ ನೀರಿನಂತೆ ಮಸುಕು ಕಾಣುವುದೇ ಎಂದು ಪರೀಕ್ಷಿಸಬೇಕು. ಹಳದಿಯಾಗಿ ಹೊಳೆಯುವ ಹರಳನ್ನು ಅಲ್ಲಿಯೇ ಬಿಟ್ಟುಬಿಡಬೇಕು.

ಛಾಯೆ ಯಾವುದು ಎಂಬುದನ್ನೂ ಕೇಳಿ. ಹಳದಿಯೊಂದಿಗೆ ಕಂದು, ಬೂದು ಛಾಯೆಗಳೂ ಇವೆ. ಹರಳಿನೊಂದಿಗೆ ಬರುವ ಜಿಐಎ ದರ್ಜೆಯ ವರದಿಯಲ್ಲಿ ಕೆ ಅಕ್ಷರದ ಜೊತೆಗೆ ‘ಫೇಂಟ್ ಬ್ರೌನ್’ ಎಂದು ಬರೆದಿದ್ದರೆ ಅದು ಕಂದು. ಸಣ್ಣ ಹರಳುಗಳ ವ್ಯಾಪಾರದಲ್ಲಿ ಅದನ್ನೇ ‘ಎಲ್‌ಬಿ’ (ಲೈಟ್ ಬ್ರೌನ್), ‘ಟಿಎಲ್‌ಬಿ’ (ಟಾಪ್ ಲೈಟ್ ಬ್ರೌನ್) ಎನ್ನುತ್ತಾರೆ. ಕಂದು ಹರಳು ಸ್ವಲ್ಪ ಕೊಳೆಯಾದರೂ ಸತ್ತಂತೆ ಕಾಣುತ್ತದೆ, ಆದ್ದರಿಂದ ನಾನು ಹಳದಿಯನ್ನೇ ಆರಿಸಲು ಹೇಳುತ್ತೇನೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಕೊಳ್ಳುವವರು ಮಾತ್ರ ಛಾಯೆಯ ಗೊಡವೆಗೆ ಹೋಗಬಾರದು. ಅಲ್ಲಿ ಬಿಳಿಯದೇ ಅಗ್ಗವಾಗಿ ಸಿಗುವಾಗ ಕಂದು ಛಾಯೆಯದನ್ನು ‘ವಾರ್ಮ್’ ಎಂದು ಹೆಸರಿಟ್ಟು ಕೊಡುವುದು ಉಳಿದ ಮಾಲನ್ನು ಸಾಗಿಸುವ ಉಪಾಯ. ಇನ್ನೊಂದು ಹಳೆಯ ವಂಚನೆಯಲ್ಲಿ ಹರಳಿನ ಸೊಂಟದಂಚಿಗೋ (ಅತಿ ಅಗಲವಾದ ಭಾಗದ ಸುತ್ತಲಿನ ಅಂಚು) ಕೆಳಭಾಗಕ್ಕೋ ನೀಲಿ ಅಥವಾ ನೇರಳೆ ಶಾಯಿಯ ಒಂದು ಚುಕ್ಕೆ ಹಚ್ಚಿ ಹಳದಿಯನ್ನು ಮರೆಮಾಡುತ್ತಾರೆ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿಯೇ ನೋಡಬೇಕೆನ್ನಲು ಇದೂ ಒಂದು ಕಾರಣ.

ಆಕಾರ ದುಂಡಗಿರಲಿ. ಚೆನ್ನಾಗಿ ಕಡೆದ ದುಂಡು ವಜ್ರ ಬೆಳಕನ್ನು ಬಹುಪಾಲು ಮೇಲಕ್ಕೇ ಹಿಂತಿರುಗಿಸುವುದರಿಂದ ಛಾಯೆ ಮರೆಯಾಗುತ್ತದೆ. ವರದಿಯಲ್ಲಿ ಕಟ್ ದರ್ಜೆ ‘ಎಕ್ಸಲೆಂಟ್’ ಇರದ ಕೆ ಬಣ್ಣದ ದುಂಡು ಹರಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅಂಡಾಕಾರದ, ಹನಿಯಾಕಾರದ ಹರಳುಗಳ ತುದಿಗಳಲ್ಲಿ ಬಣ್ಣ ಸೇರಿ ನಿಲ್ಲುತ್ತದೆ, ಮೆಟ್ಟಿಲಿನಂತೆ ಕಡೆದ ಎಮರಾಲ್ಡ್ ಕಟ್ ಎಲ್ಲವನ್ನೂ ಬಿಚ್ಚಿ ತೋರಿಸುತ್ತದೆ. ಛಾಯೆ ಕಾಣಲೇಬೇಕೆನ್ನುವವರಿಗೆ ಅವು ಒಪ್ಪುತ್ತವೆ. ಅಜ್ಜಿಯ ಕಾಲದ ಕಿವಿಯೋಲೆಯಲ್ಲಿ ಹಳೆಯ ಕಡೆತದ ವಜ್ರವಿದ್ದರೆ ಅದನ್ನೇ ಉಂಗುರಕ್ಕೆ ಬಳಸಿಕೊಳ್ಳಬಹುದು. ಅಗಲ ಮುಖಗಳ ಆ ಹರಳುಗಳಿಗೆ ಹಳದಿ ಶೋಭೆ ಕೊಡುತ್ತದೆ, ಹೊಸದಾಗಿ ಕಡೆಸಲು ಹೋಗಿ ತೂಕ ಕಳೆದುಕೊಳ್ಳಬಾರದು.

ಸ್ವಚ್ಛತೆ, ಅಂದರೆ ಹರಳಿನಲ್ಲಿ ಕಲೆಗಳು ಎಷ್ಟು ಕಡಿಮೆ ಎಂಬುದರ ದರ್ಜೆ, ವಿಎಸ್2 ಅಥವಾ ಎಸ್‌ಐ1 ಇದ್ದರೆ ಸಾಕು. ತೂಕದಲ್ಲಿ 1 ಕ್ಯಾರೆಟ್ ಎಂಬ ಅಂಕಿಗೆ ಜೋತುಬೀಳದೆ 90 ಸೆಂಟಿನದನ್ನು ನೋಡಬಹುದು. ಅಡ್ಡಳತೆಯಲ್ಲಿ ವ್ಯತ್ಯಾಸ ಸುಮಾರು 0.2 ಮಿಲಿಮೀಟರ್ ಮಾತ್ರ.

ಇನ್ನು ಚಿನ್ನ. ಹಿರಿಯರು 22 ಕ್ಯಾರೆಟ್ಟಿನದೇ ಆಗಬೇಕೆನ್ನುತ್ತಾರೆ, ಆದರೆ ಆ ಮೆದು ಚಿನ್ನದ ಪ್ರಾಂಗುಗಳು (ಹರಳನ್ನು ಹಿಡಿದಿಡುವ ಕೊಕ್ಕೆಗಳು) ದಿನಬಳಕೆಯಲ್ಲಿ ಬಾಗಿ ಹರಳು ಉದುರುತ್ತದೆ. 750 ಮುದ್ರೆಯಿರುವ 18 ಕ್ಯಾರೆಟ್ ಹಳದಿ ಚಿನ್ನವೇ ಸರಿ, ಅದರ ನಡುವೆ ಕೆ ಬಣ್ಣದ ಹರಳು ಬೆಳ್ಳಗೂ ಎಮ್ ಬಣ್ಣದ್ದು ಸಹಜವಾಗಿಯೂ ಕಾಣುತ್ತದೆ. ಪ್ಲಾಟಿನಂ ಮತ್ತು ಬಿಳಿ ಚಿನ್ನ ಪಕ್ಕದಲ್ಲೇ ಹೋಲಿಕೆಗೆ ಬಿಳಿಯನ್ನು ಒದಗಿಸಿ ಹಳದಿಯನ್ನು ಎತ್ತಿ ತೋರುತ್ತವೆ. ಹಿಂಬದಿ ಮುಚ್ಚಿದ ಸೆಟ್ಟಿಂಗ್ ಚಿನ್ನದ ಬಣ್ಣವನ್ನು ಒಳಗಿನಿಂದ ಕೂಡಿಸುವುದರಿಂದ, ಬಿಳಿ ಬೇಕೆನ್ನುವವರು ಓಪನ್ ಸೆಟ್ಟಿಂಗ್ ಮಾಡಿಸಬೇಕು. ಸುತ್ತಲೂ ಸಣ್ಣ ಬಿಳಿ ಹರಳುಗಳ ಸಾಲು ಹಾಕಿಸುವ ಆಸೆಯನ್ನು ಬಿಡುವುದೇ ಮೇಲು; ಹಾಕಿಸಲೇಬೇಕೆಂದರೆ ಅವೂ ಜೆ, ಕೆ ಬಣ್ಣದವೇ ಆಗಿರಲಿ.

ವಜ್ರ ಆಗಿಬರುವುದೋ ಇಲ್ಲವೋ ಎಂದು ಕೆಲವು ದಿನ ಮನೆಯಲ್ಲಿಟ್ಟುಕೊಂಡು ನೋಡುವ ರೂಢಿ ನಮ್ಮಲ್ಲಿದೆ. ನಂಬಿಕೆ ಇರಲಿ ಬಿಡಲಿ, ಆ ಅವಕಾಶವನ್ನು ಕೇಳಿ ಪಡೆಯಬೇಕು. ಬೆಳಗಿನ ಕಿಟಕಿ, ಸಂಜೆಯ ದೀಪ, ಮಂಗಲ ಕಾರ್ಯಾಲಯದ ಹಳದಿ ಬೆಳಕು ಎಲ್ಲದರಲ್ಲೂ ಹರಳನ್ನು ಬೆರಳ ಸಂದಿಯಲ್ಲಿಟ್ಟು ನೋಡಲು ಆಗ ಸಮಯ ಸಿಗುತ್ತದೆ. ಒಪ್ಪಿಗೆಯಾದ ಮೇಲೆ ಬಿಲ್ಲಿನಲ್ಲಿ ಹರಳಿನ ತೂಕ, ಚಿನ್ನದ ನಿವ್ವಳ ತೂಕ, ವರದಿಯ ಸಂಖ್ಯೆ ಮತ್ತು ಮರುಖರೀದಿಯ ಷರತ್ತು ಬೇರೆಬೇರೆಯಾಗಿ ಬರೆಸಬೇಕು. ಉಂಗುರದ ಮೇಲೆ ಹಾಲ್‌ಮಾರ್ಕಿನ ಆರು ಅಕ್ಷರಾಂಕಗಳ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ ಇದೆಯೇ ಎಂದು ನೋಡಬೇಕು. ಹರಳಿನ ಸೊಂಟದಂಚಿನಲ್ಲಿ ಲೇಸರ್‌ನಿಂದ ಕೊರೆದ ವರದಿ ಸಂಖ್ಯೆಯಿದ್ದರೆ, ಪತ್ತಾರರ ಕೈಗೆ ಕೊಡುವ ಮುನ್ನ ಒಮ್ಮೆ, ಉಂಗುರ ಸಿದ್ಧವಾಗಿ ಬಂದ ಮೇಲೆ ಒಮ್ಮೆ ಭೂತಗನ್ನಡಿಯಲ್ಲಿ ಅದನ್ನು ಓದಿ ತಾಳೆ ನೋಡಬೇಕು. ಇದಕ್ಕಾಗಿ, ಪ್ರಾಂಗ್ ಆ ಸಂಖ್ಯೆಯ ಮೇಲೆ ಬರದಂತೆ ಹರಳನ್ನು ಕೂಡಿಸಲು ಪತ್ತಾರರಿಗೆ ಮೊದಲೇ ಹೇಳಿರಬೇಕು.