ಹೇರ್ ಡೈ, ಸ್ಟ್ರೇಟನಿಂಗ್ ಕ್ರೀಮ್: ತಲೆಗೆ ಹಚ್ಚುವ ಮುನ್ನ ಪರೀಕ್ಷಿಸುವುದು ಹೇಗೆ?

ಹೇರ್ ಡೈ ಡಬ್ಬಿಯೊಳಗಿನ ಮಡಚಿದ ಕಾಗದವನ್ನು ಬಿಡಿಸಿ ಓದುವವರು ಕಡಿಮೆ. ಓದಿದವರೂ ‘48 ಗಂಟೆ ಮೊದಲೇ ಅಲರ್ಜಿ ಪರೀಕ್ಷೆ ಮಾಡಿ’ ಎಂಬ ಸಾಲನ್ನು ದಾಟಿ ಮುಂದೆ ಹೋಗುತ್ತಾರೆ. ‘ವರ್ಷಗಳಿಂದ ಇದನ್ನೇ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ’ ಎಂಬ ಧೈರ್ಯ. ಆದರೆ ಡೈ ಅಲರ್ಜಿ ಮೊದಲ ಸಲವೇ ಕಾಣಿಸಿಕೊಳ್ಳಬೇಕೆಂದಿಲ್ಲ. ಎಷ್ಟೋ ಸಲ ಸುಮ್ಮನಿದ್ದ ಚರ್ಮ ಒಂದು ದಿನ ಇದ್ದಕ್ಕಿದ್ದಂತೆ ತಿರುಗಿಬೀಳಬಹುದು. ಆದ್ದರಿಂದ ಬ್ರ್ಯಾಂಡ್ ಹಳೆಯದೇ ಆದರೂ ಪರೀಕ್ಷೆ ಪ್ರತಿ ಸಲವೂ ಬೇಕು.

ಮೊದಲು ಡಬ್ಬಿಯ ಹಿಂಬದಿ ಓದಿ

ಮುಂಭಾಗದ ದೊಡ್ಡಕ್ಷರಗಳನ್ನು ಬಿಟ್ಟು ಹಿಂದಿನ ಸಣ್ಣಕ್ಷರಗಳನ್ನು ನೋಡಿ. ಹುಡುಕಬೇಕಾದ ಮೊದಲ ಹೆಸರು ಪ್ಯಾರಾ-ಫಿನೈಲೀನ್‌ಡೈಅಮೈನ್, ಅಂದರೆ ಪಿಪಿಡಿ. ಗಾಢ ಬಣ್ಣದ ಶಾಶ್ವತ ಡೈಗಳಲ್ಲಿ ಸಾಮಾನ್ಯವಾಗಿ ಇರುವುದು ಇದು ಅಥವಾ ಇದರ ಸಮೀಪದ ಬಂಧು ಟಾಲ್ಯೂಯೀನ್-2,5-ಡೈಅಮೈನ್. ಒಂದಕ್ಕೆ ಅಲರ್ಜಿ ಇರುವವರಲ್ಲಿ ಅನೇಕರಿಗೆ ಇನ್ನೊಂದೂ ಒಗ್ಗುವುದಿಲ್ಲ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಕೂದಲಿಗೆ ಹಚ್ಚುವ ಮಿಶ್ರಣದಲ್ಲಿ ಪಿಪಿಡಿ ಶೇ 2ನ್ನು ಮೀರುವಂತಿಲ್ಲ.

‘ಅಮೋನಿಯಾ ರಹಿತ’ ಎಂದರೆ ಪಿಪಿಡಿ ರಹಿತ ಎಂದಲ್ಲ. ಅಮೋನಿಯಾ ಬದಲಿಗೆ ಹೆಚ್ಚಾಗಿ ಎಥನಾಲಮೈನ್ ಹಾಕಿರುತ್ತಾರೆ, ಬಣ್ಣದ ರಾಸಾಯನಿಕ ಅದೇ ಇರಬಹುದು. ‘ಕಪ್ಪು ಮೆಹಂದಿ’ಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಮೆಹಂದಿ ಎಲೆ ಕೊಡುವುದು ಕೆಂಪು ಮಿಶ್ರಿತ ಕಂದು ಬಣ್ಣ ಮಾತ್ರ. ಕಡುಗಪ್ಪು ಬರುತ್ತದೆ ಎಂದರೆ ಬೇರೇನೋ ಬೆರೆತಿದೆ. ಅದು ನೀಲಿ ಗಿಡದ ಎಲೆಪುಡಿ ಆಗಿರಬಹುದು, ಪಿಪಿಡಿಯೂ ಆಗಿರಬಹುದು. ಏನೇನು ಬೆರೆತಿದೆ ಎಂಬ ಪಟ್ಟಿಯೇ ಇಲ್ಲದ ಪುಡಿಯನ್ನು ತಲೆಗೆ ಹಚ್ಚದಿರುವುದೇ ಸರಿ.

ಚರ್ಮದ ಪರೀಕ್ಷೆ

ಈ ಹಿಂದೆ ಡೈನಿಂದಲೋ ಕಪ್ಪು ಮೆಹಂದಿ ಟ್ಯಾಟೂವಿನಿಂದಲೋ ಊತ, ಗುಳ್ಳೆ ಬಂದಿದ್ದರೆ ಮನೆಯಲ್ಲಿ ಪರೀಕ್ಷೆ ಮಾಡಲೇಬೇಡಿ, ನೇರವಾಗಿ ಚರ್ಮವೈದ್ಯರ ಬಳಿ ಹೋಗಿ. ನೆತ್ತಿಯಲ್ಲಿ ಗಾಯವೋ ಉರಿಯೋ ಇದ್ದರೆ ಅದು ಮಾಯುವವರೆಗೆ ಕಾಯಿರಿ.

ಕಿವಿಯ ಹಿಂಭಾಗ ಅಥವಾ ಮೊಣಕೈ ಒಳಮಡಿಕೆಯನ್ನು ತೊಳೆದು ಒರೆಸಿಕೊಳ್ಳಿ. ಬಣ್ಣದ ಕ್ರೀಮನ್ನು ಒಂದಿಷ್ಟೇ ತೆಗೆದುಕೊಂಡು ಹತ್ತಿಕಡ್ಡಿಯಿಂದ ತೆಳುವಾಗಿ ಸವರಿ. ಡೆವಲಪರ್ (ಬಣ್ಣದ ಜೊತೆ ಕಲಸುವ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ) ಬೆರೆಸಬೇಕೋ ಬೇಡವೋ, ಎಷ್ಟು ಹೊತ್ತು ಬಿಡಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಕಾಗದದಲ್ಲಿ ಹೇಳಿದಂತೆಯೇ ಮಾಡಿ. ಹಚ್ಚಿದ ಸಮಯವನ್ನು ಬರೆದಿಟ್ಟುಕೊಳ್ಳಿ.

ಅರ್ಧ ಗಂಟೆಯಲ್ಲಿ ಏನೂ ಆಗಲಿಲ್ಲವೆಂದು ತಲೆಗೆ ಬಳಿದುಕೊಳ್ಳುವ ಆತುರವೇ ದೊಡ್ಡ ಅಪಾಯ. ಪಿಪಿಡಿ ಅಲರ್ಜಿ ತಡವಾಗಿ ತೋರುವ ಜಾತಿಯದು. ರೋಗನಿರೋಧಕ ಕೋಶಗಳು ಆ ರಾಸಾಯನಿಕವನ್ನು ಗುರುತಿಸಿ ಆ ಜಾಗಕ್ಕೆ ಜಮಾಯಿಸಲು ಒಂದೆರಡು ದಿನ ಬೇಕು, ಕೆಲವರಿಗೆ ಮೂರು ದಿನವೂ ಹಿಡಿಯುತ್ತದೆ. 48 ಗಂಟೆ ಎಂಬ ಲೆಕ್ಕ ಬಂದಿರುವುದು ಅದರಿಂದಲೇ. ಈ ನಡುವೆ ತುರಿಕೆ, ಕೆಂಪು, ಉರಿ, ಊತ, ನೀರುಗುಳ್ಳೆ ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ತೊಳೆಯಿರಿ. ಆ ಡೈ ನಿಮಗಲ್ಲ. ಏನೂ ಕಾಣದಿದ್ದರೆ ಅಪಾಯ ಕಡಿಮೆ ಎಂದರ್ಥವೇ ಹೊರತು ಇಲ್ಲವೇ ಇಲ್ಲ ಎಂದಲ್ಲ.

ಕೂದಲು ನೇರ ಮಾಡುವ ರಿಲ್ಯಾಕ್ಸರನ್ನು ಮಾತ್ರ ಹೀಗೆ ಚರ್ಮದ ಮೇಲೆ ದಿನಗಟ್ಟಲೆ ಬಿಡಕೂಡದು. ಸೋಡಿಯಂ ಹೈಡ್ರಾಕ್ಸೈಡ್ ಇರುವ ಕ್ರೀಮುಗಳ ಪಿಎಚ್ 12ನ್ನೂ ಮೀರುತ್ತದೆ, ಅಂದರೆ ಅವು ಅತಿ ತೀವ್ರ ಕ್ಷಾರ. ಅವು ಅಲರ್ಜಿ ಇಲ್ಲದವರ ಚರ್ಮವನ್ನೂ ಸುಡುತ್ತವೆ.

ಕೂದಲಿನ ಪರೀಕ್ಷೆ

ಚರ್ಮ ಒಪ್ಪಿದ್ದನ್ನು ಕೂದಲೂ ಒಪ್ಪಬೇಕಲ್ಲ. ಹಿಂದೆ ಬಳಸಿದ ಬಣ್ಣದಲ್ಲಿ ಸೀಸ, ಬೆಳ್ಳಿ, ತಾಮ್ರದಂಥ ಲೋಹದ ಲವಣಗಳಿದ್ದರೆ ಅವು ಕೂದಲಿನಲ್ಲೇ ಉಳಿದುಕೊಂಡು ಹೊಸ ಡೈನ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಜೋರಾಗಿ ವರ್ತಿಸುತ್ತವೆ. ಕುತ್ತಿಗೆಯ ಬಳಿ ಒಳಗಿನಿಂದ ಸಣ್ಣ ಎಳೆ ಕತ್ತರಿಸಿ, ಗಾಜಿನ ಬಟ್ಟಲಲ್ಲಿ ಸ್ವಲ್ಪವೇ ಕಲಸಿದ ಮಿಶ್ರಣದಲ್ಲಿ ಅದ್ದಿ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಹತ್ತಿರದಲ್ಲೇ ಇದ್ದು ಗಮನಿಸಿ. ಬಟ್ಟಲು ಬಿಸಿಯಾಯಿತೇ? ನೊರೆ ಎದ್ದು ಕೆಟ್ಟ ವಾಸನೆ ಬಂತೇ? ಎಳೆ ಹಸಿರಾಯಿತೇ? ಹಾಗಾದರೆ ಅಲ್ಲಿಗೇ ಬಿಡಿ. ಏನೂ ಆಗದಿದ್ದರೆ ಎಳೆಯನ್ನು ತೊಳೆದು, ಒದ್ದೆಯಿರುವಾಗಲೇ ಮೆಲ್ಲಗೆ ಎಳೆದು ನೋಡಿ. ಗಟ್ಟಿ ಕೂದಲು ಹಿಗ್ಗಿ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಅಂಟಂಟಾಗಿ ಜಗ್ಗಿದರೆ, ಪಟ್ಟನೆ ತುಂಡಾದರೆ ಅದು ಇನ್ನೊಂದು ರಾಸಾಯನಿಕವನ್ನು ತಾಳುವುದಿಲ್ಲ.

ಮನೆಯ ಪರೀಕ್ಷೆಗೆ ಸಿಗದ ಅಪಾಯ

ಕ್ರೀಮ್ ಹಚ್ಚಿ ಬಿಸಿ ಇಸ್ತ್ರಿಯಿಂದ ಕೂದಲು ನೇರ ಮಾಡುವ ಕೆರಟಿನ್ ಸ್ಟ್ರೇಟನಿಂಗ್ ವಿಷಯದಲ್ಲಿ ಚರ್ಮ, ಕೂದಲು ಎರಡೂ ಪಾಸಾದರೂ ಸಾಲದು. ಅಲ್ಲಿ ಮುಖ್ಯ ಭಯ ಉಸಿರಿನ ಮೂಲಕ ಒಳಹೋಗುವ ಫಾರ್ಮಾಲ್ಡಿಹೈಡ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. 2010ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಕಾರ್ಮಿಕ ಸುರಕ್ಷತಾ ವಿಭಾಗ, ‘ಫಾರ್ಮಾಲ್ಡಿಹೈಡ್ ರಹಿತ’ ಎಂಬ ಲೇಬಲ್ ಹೊತ್ತ ದ್ರಾವಣವನ್ನು ಪರೀಕ್ಷಿಸಿದಾಗ ಸರಾಸರಿ ಶೇ 8ಕ್ಕೂ ಹೆಚ್ಚು ಫಾರ್ಮಾಲ್ಡಿಹೈಡ್ ಸಿಕ್ಕಿತು. ಪಟ್ಟಿಯಲ್ಲಿ ಫಾರ್ಮಾಲಿನ್, ಮಿಥಿಲೀನ್ ಗ್ಲೈಕಾಲ್ ಎಂದಿದ್ದರೂ ಅದು ಫಾರ್ಮಾಲ್ಡಿಹೈಡೇ ಎಂದು ತಿಳಿಯಿರಿ.

ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯವಲ್ಲ. ಬಿಸಿ ಇಸ್ತ್ರಿಯಡಿ ಅದರಿಂದಲೂ ಫಾರ್ಮಾಲ್ಡಿಹೈಡ್ ಹೊರಬೀಳಬಲ್ಲದು. 2024ರಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಮಹಿಳೆಯೊಬ್ಬರ ಪ್ರಕರಣ ಪ್ರಕಟಿಸಿದರು. ಈ ಆಮ್ಲವಿದ್ದ ಕ್ರೀಮಿನಿಂದ ಮೂರು ಬಾರಿ ಸ್ಟ್ರೇಟನಿಂಗ್ ಮಾಡಿಸಿಕೊಂಡ ಅವರಿಗೆ ಮೂರೂ ಬಾರಿ ಮೂತ್ರಪಿಂಡಕ್ಕೆ ಹಾನಿಯಾಗಿತ್ತು. ಅದೇ ಕ್ರೀಮನ್ನು ಇಲಿಗಳ ಚರ್ಮಕ್ಕೆ ಹಚ್ಚಿದಾಗ ಅವುಗಳ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಕಂಡವು. ಇಂಥದ್ದನ್ನು ಕಿವಿಯ ಹಿಂದಿನ ಒಂದು ಸವರು ಹೇಳಲಾರದು. ಪಟ್ಟಿಯಲ್ಲಿ ಇವುಗಳ ಹೆಸರು ಕಂಡರೆ ಆ ಡಬ್ಬಿಯನ್ನು ಕೊಳ್ಳಬೇಡಿ ಎಂಬುದೇ ನನ್ನ ಖಚಿತ ಸಲಹೆ.

ಹಚ್ಚುವ ದಿನ

ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಗಡಿಯಾರ ನೋಡಿ ತೊಳೆಯಿರಿ. ಹುಬ್ಬು, ರೆಪ್ಪೆಗೆ ತಲೆಯ ಡೈ ಮುಟ್ಟಿಸಲೇಬೇಡಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಪಿಪಿಡಿ ಇದ್ದ ರೆಪ್ಪೆಬಣ್ಣದಿಂದ ಮಹಿಳೆಯರು ದೃಷ್ಟಿ ಕಳೆದುಕೊಂಡಿದ್ದರು. ಉಳಿದ ಮಿಶ್ರಣವನ್ನು ಮುಚ್ಚಿಟ್ಟರೆ ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು, ಚೆಲ್ಲಿಬಿಡಿ.

ಖಾಲಿ ಡಬ್ಬಿಯನ್ನು ಮಾತ್ರ ಒಂದು ವಾರ ಎಸೆಯಬೇಡಿ. ಮುಖ ಊದಿದರೆ, ಉಸಿರಾಟ ಕಷ್ಟವಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ, ಡಬ್ಬಿ ಜೊತೆಗಿರಲಿ. ಯಾವ ರಾಸಾಯನಿಕಕ್ಕೆ ಹೀಗಾಯಿತು ಎಂದು ಚರ್ಮವೈದ್ಯರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಪರೀಕ್ಷಿಸುವಾಗ ಅದರ ಮೇಲಿನ ಹೆಸರುಗಳೇ ಅವರಿಗೆ ದಾರಿ ತೋರುತ್ತವೆ.