ಅರ್ಧ ಬಣ್ಣ ಹಚ್ಚಿದ ರಾಕ್ಷಸ

ನಾನು ಡಾರ್ಕ್ ಫ್ಯಾಂಟಸಿ ಪಾತ್ರಗಳ ಚಿತ್ರ ಬರೆಯುವವನು. ರಾಕ್ಷಸರು, ಮಾಟಗಾತಿಯರು, ಶಾಪ ತಟ್ಟಿದ ಸೈನಿಕರು. ಮೊದಲ ನಾಲ್ಕು ವರ್ಷ ಎಲ್ಲರೂ ಒಂದೇ ಥರ ಇದ್ದರು. ಕೊಂಬು, ಹರಿದ ನಿಲುವಂಗಿ, ಕೆಂಪು ಕಣ್ಣು, ಸುತ್ತ ಕಪ್ಪೋ ಕಪ್ಪು. ಕೆಲಸ ಕೊಡಲು ಬಂದವರೊಬ್ಬರು ಎಲ್ಲ ನೋಡಿ, "ಚೆನ್ನಾಗಿದೆ, ಆದರೆ ಇದರಲ್ಲಿ ನಿಮ್ಮದು ಯಾವುದು?" ಅಂದರು. ಎರಡು ದಿನ ಪೆನ್ ಮುಟ್ಟಲು ಆಗಲಿಲ್ಲ.

ಆಮೇಲೆ ನನ್ನ ರೆಫರೆನ್ಸ್ ಫೋಲ್ಡರ್ ತೆರೆದೆ. ಇದ್ದದ್ದೆಲ್ಲ ಬೇರೆಯವರು ಮುಗಿಸಿಟ್ಟ ಚಿತ್ರಗಳು. ಅವರು ಏನನ್ನು ನೋಡಿ ಬರೆದರೋ ಅದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಹಾಗಾದರೆ ನಾನು ಕಂಡು ಹೆದರಿದ್ದು ಏನನ್ನು?

ಯಕ್ಷಗಾನದ ಬಣ್ಣದ ವೇಷವನ್ನು, ಅಂದರೆ ಮುಖ ತುಂಬ ಬಣ್ಣ ಬಳಿದ ರಾಕ್ಷಸ ಪಾತ್ರವನ್ನು. ಅಜ್ಜಿಮನೆ ಬಂಟ್ವಾಳದ ಕಡೆ. ಅಲ್ಲಿಯ ತೆಂಕುತಿಟ್ಟು ಶೈಲಿಯ ಯಕ್ಷಗಾನದ ಆಟದಲ್ಲಿ ದೀವಟಿಗೆಗೆ ರಾಳದ ಪುಡಿ ಎರಚಿ, ಬೆಂಕಿ ಭಗ್ ಎಂದಾಗ ಕಂಡ ಆ ಮುಖ ಇನ್ನೂ ನೆನಪಿದೆ. ಈ ಸಲ ಸ್ಕೆಚ್‌ಬುಕ್ ಹಿಡಿದು, ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲೇ ಕುಳಿತೆ. ಕಲಾವಿದರು ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ, ಮುಖದ ಮೇಲೆ ಮುಳ್ಳಿನಂತೆ ಎದ್ದು ನಿಲ್ಲುವ ಬಿಳಿ ಚುಟ್ಟಿಗಳನ್ನು ಒಂದೊಂದಾಗಿ ಇಡುತ್ತಾ ಹೋದರು. ಗಂಟೆಗಟ್ಟಲೆ ಕೆಲಸ. ಆಗ ಒಂದು ವಿಷಯ ಹೊಳೆಯಿತು. ಆ ಮುಖದಲ್ಲಿ ಕಪ್ಪು ಜಾಸ್ತಿ ಇಲ್ಲ. ಪಕ್ಕದಲ್ಲಿ ಬಿಳಿ ಇರುವುದರಿಂದಲೇ ಕಪ್ಪು ಅಷ್ಟು ಆಳ ಕಾಣುತ್ತದೆ.

ಮನೆಗೆ ಬಂದು ಆರು ತಿಂಗಳು ಮೂರೇ ಟೋನ್‌ಗಳಲ್ಲಿ, ಅಂದರೆ ತಿಳಿಯಿಂದ ಗಾಢದವರೆಗಿನ ಮೂರೇ ಛಾಯೆಗಳಲ್ಲಿ ಬರೆದೆ. ಪೂರ್ತಿ ಕಪ್ಪನ್ನು ಚಿತ್ರದ ಒಂದೇ ಜಾಗದಲ್ಲಿ ಇಟ್ಟೆ. ಮೊದಲು ಅಂಚೆಚೀಟಿ ಗಾತ್ರದ ನೆರಳು ಆಕಾರ. ಅಷ್ಟು ಚಿಕ್ಕದರಲ್ಲಿ ಪಾತ್ರದ ಗುರುತು ಸಿಗದಿದ್ದರೆ ಅದನ್ನು ಅಲ್ಲಿಗೇ ಬಿಟ್ಟೆ. ಸ್ಪೇನಿನ ಚಿತ್ರಕಾರ ಗೋಯಾ 1819ರಿಂದ 1823ರ ನಡುವೆ ತನ್ನ ಮನೆಯ ಗೋಡೆಗಳ ಮೇಲೆ ಬರೆದ 14 'ಕಪ್ಪು ಚಿತ್ರ'ಗಳನ್ನೂ ದೊಡ್ಡದು ಮಾಡಿ ನೋಡಿದೆ. ಆ ಕಪ್ಪಿನೊಳಗೆ ಕಂದು ಇದೆ, ಮಣ್ಣಿನ ಹಳದಿ ಇದೆ. ಈಗ ನನ್ನ ಕತ್ತಲಿಗೂ ಕಾವಿ ಬೆರೆಸುತ್ತೇನೆ.

ಆದರೆ ಇದೆಲ್ಲ ಕೈಯ ಕೆಲಸ. ಶೈಲಿ ಸಿಕ್ಕಿದ್ದು ಚೌಕಿಯಲ್ಲಿ ಕಂಡ ಇನ್ನೊಂದು ಗಳಿಗೆಯಿಂದ. ಅರ್ಧ ಬಣ್ಣ ಮುಗಿಸಿದ ಕಲಾವಿದರು ಚಹಾ ಕುಡಿಯುತ್ತಾ ಕುಳಿತಿದ್ದರು. ಒಂದು ಕೆನ್ನೆ ರಾಕ್ಷಸನದು, ಇನ್ನೊಂದು ದಣಿದ ಮನುಷ್ಯನದು. ಪೂರ್ತಿ ರಾಕ್ಷಸನಿಗಿಂತ ಅದೇ ನನ್ನನ್ನು ಜಾಸ್ತಿ ಅಲುಗಾಡಿಸಿತು. ಅಂದಿನಿಂದ ನನ್ನ ಪಾತ್ರಗಳು ಮಾರ್ಪಾಡಿನ ನಡುವೆಯೇ ಇರುತ್ತವೆ.

ಒಂದು ಗೆರೆಯನ್ನು ಮಾತ್ರ ನಾನು ದಾಟುವುದಿಲ್ಲ. ವೇಷದ ಕಿರೀಟ, ಆಭರಣಗಳನ್ನು ಹಾಗೇ ಎತ್ತಿ ಹಾಕುವುದಿಲ್ಲ. ಭೂತಕೋಲದ ದೈವಗಳ ಮುಖವರ್ಣಿಕೆಯನ್ನಂತೂ ಮುಟ್ಟುವುದೇ ಇಲ್ಲ. ಅದು ಪಾತ್ರವಲ್ಲ, ಜನ ಕೈಮುಗಿಯುವ ದೈವ. ಚಂದ ಕಾಣುತ್ತದೆ ಅಂತ ಸುಮ್ನೆ ತೆಗೆದುಕೊಳ್ಳುವುದು ತಪ್ಪು ಅಲ್ವಾ?

ಈಗ ಮೇಜಿನ ಮೇಲೆ ದೋಣಿ ನಡೆಸುವ ಹೆಂಗಸಿನ ಚಿತ್ರವಿದೆ. ಎಡಗೈ ಆಗಲೇ ಮರದ ಬೇರಾಗಿ, ದೋಣಿಯ ಹುಟ್ಟಿಗೆ ಸುತ್ತಿಕೊಂಡಿದೆ. ಬಲಗೈಯಲ್ಲಿ ಅವಳು ಇನ್ನೂ ಕೂದಲು ಸರಿಮಾಡಿಕೊಳ್ಳುತ್ತಿದ್ದಾಳೆ. ಕಪ್ಪನ್ನು ಎಲ್ಲಿಡಬೇಕು ಅಂತ ಇನ್ನೂ ತೀರ್ಮಾನಿಸಿಲ್ಲ.